ಮೀನಿನ ಇಮ್ಯೂನಿಟಿ ಬೂಸ್ಟರ್ ಪೌಡರ್: ಮಾಲಿಗೆ ಮೂರು ಸ್ಟಾರ್, ಲೇಬಲ್‌ಗೆ ಸೊನ್ನೆ

ಸಾಕೋ ಮೀನಿನ ಫೀಡ್‌ಗೆ ಕಲಸೋ ಬೀಟಾ ಗ್ಲೂಕನ್ ಪೌಡರ್ ಇದು, ಫಂಗಸ್ ಜಾತಿಯ ಯೀಸ್ಟ್‌ನ ಕೋಶದ ಗೋಡೆಯಿಂದ ತೆಗೆದ ಒಂಥರಾ ಸಕ್ಕರೆ ಸರಪಳಿ. ಮಾಲೇನೋ ಚೆನ್ನಾಗಿದೆ, ನುಣ್ಣಗಿದೆ, ಗಂಟು ಕಟ್ಟಿಲ್ಲ, ತಿಲಾಪಿಯಾ ಮೀನು ಮೂತಿ ತಿರುಗಿಸದೆ ತಿಂತವೆ. ಆದ್ರೆ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ "ಎಲ್ಲಾ ವೈರಸ್‌ಗೂ ರಾಮಬಾಣ" ಅಂತ ಹಾಕಿದಾರಲ್ಲ, ಅದು ಮಾತ್ರ ಶುದ್ಧ ಬುರುಡೆ.

ಗ್ಲೂಕನ್ ವೈರಸ್ಸನ್ನ ಕೊಲ್ಲಲ್ಲ ಸ್ವಾಮಿ. ಯಾವುದೋ ಫಂಗಸ್ ಬಂತು ಅಂದ್ಕೊಂಡು ಮೀನಿನ ಮ್ಯಾಕ್ರೋಫೇಜ್‌ಗಳು (ರೋಗಾಣು ನುಂಗೋ ಕಾವಲು ಸೆಲ್‌ಗಳು) ಎಚ್ಚರ ಆಗ್ತವೆ, ಬ್ಯಾಕ್ಟೀರಿಯಾ ಗೋಡೆ ಒಡೆಯೋ ಲೈಸೋಜೈಮ್ ಏರತ್ತೆ, ಒಟ್ಟಾರೆ ಕಾವಲು ಸ್ವಲ್ಪ ಬಿಗಿ ಆಗತ್ತೆ. ವೈರಸ್ ಒಳಗೆ ಬಂದ್ಮೇಲೆ ಮೊದಲು ಕೆಲ್ಸ ಮಾಡೋದು ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆ ಪ್ರೋಟೀನ್, ಸೋಂಕು ತಗುಲಿದ ಸೆಲ್ ವೈರಸ್ಸಿನ ಆರ್‌ಎನ್‌ಎ ಗುರುತಿಸಿ ಈ ಇಂಟರ್‌ಫೆರಾನನ್ನ ಹೊರಗೆ ಬಿಡತ್ತೆ, ಆಗ ಅಕ್ಕಪಕ್ಕದ ಸೆಲ್‌ಗಳು ಎಂಎಕ್ಸ್ ಥರದ ಪ್ರೋಟೀನ್ ಮಾಡ್ಕೊಂಡು ವೈರಸ್ ಬೆಳೆಯದ ಹಾಗೆ ತಡೀತವೆ. ಆಂಟಿಬಾಡಿ ಬರೋದು ಆಮೇಲೆ, ಅದೂ ತಣ್ಣನೆ ರಕ್ತದ ಪ್ರಾಣಿ ನೋಡಿ, ನೀರು ತಣ್ಣಗಿದ್ದಷ್ಟೂ ನಿಧಾನ, ವಾರಗಟ್ಟಲೆ ಹಿಡಿಯತ್ತೆ. ಈ ಪೌಡರ್ ತಿಂದು ಒಂದು ನಿರ್ದಿಷ್ಟ ವೈರಸ್ಸಿಗೆ ಆಂಟಿಬಾಡಿ ಹುಟ್ಟಲ್ಲ, ಅದಕ್ಕೆ ವ್ಯಾಕ್ಸಿನ್ನೇ ಬೇಕು. ಸಾಲ್ಮನ್ ಮೀನಿನ ಐಎಚ್‌ಎನ್ (ರಕ್ತ ತಯಾರಾಗೋ ಅಂಗಾಂಶ ಹಾಳು ಮಾಡೋ ರೋಗ) ವೈರಸ್‌ಗೆ ಕೆನಡಾದಲ್ಲಿ 2005ರಲ್ಲೇ ಡಿಎನ್‌ಎ ವ್ಯಾಕ್ಸಿನ್‌ಗೆ ಲೈಸೆನ್ಸ್ ಸಿಕ್ಕಿದೆ.

ಇನ್ನು ಬಳಸೋ ವಿಧಾನ ಬರೆದಿರೋದಂತೂ ಇನ್ನೂ ಮಜಾ, "ರೋಗ ಕಂಡ ಕೂಡ್ಲೇ ಡಬಲ್ ಡೋಸ್" ಅಂತೆ. ರೋಗ ಬಂದ ಮೀನು ಮೊದಲು ಬಿಡೋದೇ ಊಟ! ಪೆಲೆಟ್ ಎಲ್ಲಾ ತಳ ಸೇರಿ ಕೊಳೆತು ನೀರೂ ಹಾಳು. ಕೊಡೋದಿದ್ರೆ ಮರಿ ಸಾಗಿಸೋದಕ್ಕೆ, ಗ್ರೇಡಿಂಗ್‌ಗೆ (ಸೈಜ್ ನೋಡಿ ಮೀನು ಬೇರೆ ಮಾಡೋದಕ್ಕೆ) ಮುಂಚೆ ಕೊಡ್ಬೇಕು, ಆ ಒತ್ತಡಕ್ಕೆ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರಿ ರೋಗನಿರೋಧಕ ಶಕ್ತಿ ಕುಸಿಯತ್ತೆ ನೋಡಿ, ಅದಕ್ಕೆ. ವರ್ಷಪೂರ್ತಿ ದಿನಾ ಹಾಕಿ ಅನ್ನೋದು ಅವರ ವ್ಯಾಪಾರಕ್ಕೆ ಒಳ್ಳೇದು ಅಷ್ಟೇ, ತುಂಬಾ ದಿನ ಒಂದೇ ಸಮನೆ ಕೊಟ್ರೆ ಪರಿಣಾಮ ಇಳಿಯೋದೂ ಉಂಟು. ಹಾಂ, ಕಲಸುವಾಗ ಸ್ವಲ್ಪ ಎಣ್ಣೆ ಸವರಿ, ಇಲ್ದಿದ್ರೆ ಪೌಡರ್ ನೀರು ಪಾಲು.

ಮೀನು ಸಾಯ್ತಾ ಇದ್ರೆ ಪೌಡರ್ ಹುಡುಕ್ಬೇಡಿ, ಮೊದಲು ಯಾವ ರೋಗಾಣು ಅಂತ ಹಿಡಿಯೋ ಪಿಸಿಆರ್ ಟೆಸ್ಟ್ ಮಾಡಿಸಿ, ಬೇರೆ ಪಾಂಡ್‌ಗೆ ಬಲೆ ಬಕೆಟ್ ಯಾವುದೂ ಒಯ್ಯಬೇಡಿ. ತಿಲಾಪಿಯಾ ಲೇಕ್ ವೈರಸ್ ಆಗಿದ್ರಂತೂ ಕೊಡೋಕೆ ಔಷಧಿನೇ ಇಲ್ಲ, ಆಂಟಿಬಯೋಟಿಕ್ಕೂ ವೇಸ್ಟು.

ಕೊನೇದಾಗಿ ಒಂದು ತಕರಾರು, ಪ್ಯಾಕೆಟ್ ಮೇಲೆ ಗ್ಲೂಕನ್ ಎಷ್ಟು ಪರ್ಸೆಂಟ್ ಅಂತ ಎಲ್ಲೂ ಬರೆದಿಲ್ಲ. ಕಸ್ಟಮರ್ ಕೇರ್‌ಗೆ ಕೇಳಿದ್ರೆ "ಸರ್ ಅದು ಕಂಪನಿ ಫಾರ್ಮುಲಾ" ಅಂತಾರೆ. ಪರ್ಸೆಂಟ್ ಹಾಕಿರೋ ಬೇರೆ ಬ್ರ್ಯಾಂಡ್ ಸಿಕ್ರೆ ಅದನ್ನೇ ತಗೊಳ್ಳಿ.