ಹಳೇ ಎರಡು ಸಿಲಿಂಡರ್ ಬೋಟ್ ಎಂಜಿನ್: ತುಂಗಭದ್ರಾ ಹಿನ್ನೀರಿನಲ್ಲಿ ಒಂಬತ್ತು ವರ್ಷ ಬಳಸಿದ ಮೇಲೆ

ಕೈಯಿಂದ ಹ್ಯಾಂಡಲ್ ಹೊಡೆದು ಚಾಲೂ ಮಾಡಬಹುದು ಅನ್ನೋ ಒಂದೇ ಕಾರಣಕ್ಕೆ ಈ ಎಂಜಿನ್‌ಗೆ ಐದಕ್ಕೆ ಮೂರು ಅಂಕ ಕೊಡಬಹುದು. ಮುನಿರಾಬಾದ್ ಕಡೆಯ ಹಿನ್ನೀರಿನ ನಡುವೆ ಬ್ಯಾಟರಿ ಇಳಿದರೆ ಸಹಾಯಕ್ಕೆ ಬರುವವರು ಯಾರೂ ಇರುವುದಿಲ್ಲ. ಸಿಲಿಂಡರಿನ ಒತ್ತಡ ಬಿಡಿಸುವ ಎರಡೂ ಡಿಕಂಪ್ರೆಶನ್ ಲಿವರ್ ಎತ್ತಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲ್ ಹಿಡಿಯಬೇಕು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯುವುದು ಇದರಿಂದಲೇ. ಎಂಟ್ಹತ್ತು ಸುತ್ತು ಜೋರಾಗಿ ತಿರುಗಿಸಿದಾಗ ನಾಜಲ್‌ನಿಂದ 'ಕಿರ್ರ್ ಕಿರ್ರ್' ಸದ್ದು ಕೇಳಿಸಿದರೆ ಡೀಸೆಲ್ ಬರುತ್ತಿದೆ ಎಂದರ್ಥ. ಆಗ ಒಂದು ಲಿವರ್ ಬೀಳಿಸಿ, ಅದು ಹಿಡಿದ ಮೇಲೆ ಇನ್ನೊಂದನ್ನು ಬೀಳಿಸಿ.

ಸೆಲ್ಫ್ ಹೊಡೆಯುವವರಿಗೆ ಒಂದು ಎಚ್ಚರಿಕೆ. ಎಂಜಿನ್ ಏಳದೆ ಮತ್ತೆ ಮತ್ತೆ ತಿರುಗಿಸುತ್ತಿದ್ದರೆ ತಳದ ನೀರಿನ ವಾಲ್ವ್ ಮುಚ್ಚಿಕೊಳ್ಳಿ. ಎಂಜಿನ್ ತಂಪಾಗಿಸಲು ಪಂಪು ಎಳೆದ ನೀರೆಲ್ಲ ಸೈಲೆನ್ಸರ್‌ನಲ್ಲಿ ತುಂಬುತ್ತದೆ, ಅದನ್ನು ಹೊರಕ್ಕೆ ತಳ್ಳಲು ಹೊಗೆ ಇರುವುದಿಲ್ಲ, ಹಿಂದಕ್ಕೆ ಬಂದು ಸಿಲಿಂಡರ್ ಸೇರುತ್ತದೆ. ಎಂಜಿನ್ ಎದ್ದ ಕ್ಷಣವೇ ವಾಲ್ವ್ ತೆರೆಯಬೇಕು, ಮರೆತರೆ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಹೋಯಿತು.

ಬೆಳಗಿನ ಕೆಲಸ ಐದು ನಿಮಿಷದ್ದು. ಆಯಿಲ್ ಕಡ್ಡಿ ಎಳೆದು ನೋಡುವುದು. ಬಣ್ಣ ಕಪ್ಪಗಿದ್ದರೆ ಚಿಂತೆಯಿಲ್ಲ, ಹಾಲು ಹಾಕಿದ ಚಹಾದಂತಿದ್ದರೆ ಒಳಗೆ ನೀರು ಸೇರಿದೆ, ಚಾಲೂ ಮಾಡಲೇಬೇಡಿ. ಡೀಸೆಲ್ ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲಿನಿಂದ ನಾಲ್ಕು ಚಮಚೆಯಷ್ಟನ್ನು ಪಾರದರ್ಶಕ ಬಾಟಲಿಗೆ ಬಿಡಬೇಕು. ನೀರಿದ್ದರೆ ತಳದಲ್ಲಿ ಉರುಟು ಹನಿಯಾಗಿ ಕೂರುತ್ತದೆ, ಬೆಳಕಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ನಡುವೆ ಕಂದು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಅದು ಬದುಕುವುದು ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲೇ. ಫಿಲ್ಟರ್ ಮಾತ್ರ ಬದಲಿಸಿದರೆ ಸಾಲದು, ಟ್ಯಾಂಕಿನ ತಳ ಖಾಲಿ ಮಾಡಬೇಕು. ಬಂಕಿನಿಂದ ಕ್ಯಾನಿನಲ್ಲಿ ತಂದ ಡೀಸೆಲ್ ಒಂದು ರಾತ್ರಿ ಅಲುಗಾಡದೆ ನಿಲ್ಲಲಿ, ಕೊನೆಯ ಎರಡು ಬೆರಳಿನಷ್ಟನ್ನು ಟ್ಯಾಂಕಿಗೆ ಸುರಿಯಬೇಡಿ.

ಇಲ್ಲಿಯವರೆಗೆ ಎಲ್ಲ ಒಳ್ಳೆಯದೇ. ಈಗ ನೀರಿನ ಪಂಪಿನ ಮಾತು.

ಈ ಎಂಜಿನ್ ಸಮುದ್ರಕ್ಕೆಂದು ಮಾಡಿದ್ದು. ಕರಾವಳಿಯಲ್ಲಿ ಉಪ್ಪಿನ ಕಾಟವಿದ್ದರೆ ಇಲ್ಲಿ ಹೂಳಿನ ಕಾಟ. 1953ರಲ್ಲಿ ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಇಳಿದಿದೆ ಎಂದರೆ ತಳದಲ್ಲಿ ಕುಳಿತದ್ದೆಷ್ಟು ಎಂದು ಲೆಕ್ಕ ಹಾಕಿ. ಜುಲೈನಲ್ಲಿ ಹೊಳೆ ಕೆಂಪಗೆ ಬಂದಾಗ ಆ ನುಣ್ಣನೆಯ ಮಣ್ಣು ರಬ್ಬರ್ ಇಂಪೆಲ್ಲರ್‌ನ ರೆಕ್ಕೆಗಳ ತುದಿಯನ್ನು ಮರಳು ಕಾಗದದಂತೆ ಉಜ್ಜುತ್ತದೆ. ಕೈಪಿಡಿಯಲ್ಲಿ ಏನೇ ಇರಲಿ, ಇಲ್ಲಿ ಮಳೆಗಾಲ ಮುಗಿದ ಕೂಡಲೇ ಬದಲಿಸುವುದೇ ಸರಿ. ದೂರು ಇಂಪೆಲ್ಲರ್ ಸವೆಯುತ್ತದೆ ಎಂದಲ್ಲ, ಸವೆಯಲೆಂದೇ ಅದನ್ನು ಮಾಡಿದ್ದು. ಆದರೆ ಪಂಪಿನ ಮುಚ್ಚಳವನ್ನು ಎಂಜಿನ್ನಿನ ಹಿಂಬದಿಗೆ, ಬೋಟಿನ ಗೋಡೆಗೆ ಮುಖ ಮಾಡಿ ಕೂರಿಸಿದ್ದಾರೆ. ಆರು ಸ್ಕ್ರೂಗಳಲ್ಲಿ ಕಣ್ಣಿಗೆ ಕಾಣುವುದು ಎರಡು. ಉಳಿದವನ್ನು ಕನ್ನಡಿ ಹಿಡಿದು, ಬೆರಳಿನಲ್ಲಿ ತಡಕಿ ಬಿಚ್ಚಬೇಕು. ಒಂದು ಜಾರಿದರೆ ತಳದ ಎಣ್ಣೆ ನೀರಿನಲ್ಲಿ ಹುಡುಕಾಟ. ಬಿಚ್ಚುವ ಮೊದಲು ಪಂಪಿನ ಕೆಳಗೆ ಹಳೇ ಟವೆಲ್ ಹಾಸುವುದನ್ನು ರೂಢಿ ಮಾಡಿಕೊಳ್ಳಿ.

ಹೊರತೆಗೆದ ಇಂಪೆಲ್ಲರ್‌ನ ರೆಕ್ಕೆ ಎಣಿಸಿ. ಆರರಲ್ಲಿ ಎರಡು ಇಲ್ಲದಿದ್ದರೆ ಆ ಎರಡೂ ತುಂಡು ಕೈಗೆ ಸಿಗುವವರೆಗೆ ಕೆಲಸ ಮುಗಿದಿಲ್ಲ. ಅವು ಎಂಜಿನ್ನಿನ ಬಿಸಿಯನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ನಳಿಗೆಗಳ ಬಾಯಿಗೆ ಹೋಗಿ ಕೂತಿರುತ್ತವೆ. ಹೊಸ ಇಂಪೆಲ್ಲರ್ ಹಾಕಿದರೂ ಬಿಸಿ ಇಳಿಯುತ್ತಿಲ್ಲ ಎನ್ನುವವರು ಮೊದಲು ತುದಿಯ ಮುಚ್ಚಳ ತೆಗೆದು ನೋಡಿ. ನಳಿಗೆಯೊಳಗಿನ ಹೂಳನ್ನು ಬಿದಿರು ಕಡ್ಡಿಯಿಂದ ತಳ್ಳಬೇಕು, ಕಬ್ಬಿಣದ ತಂತಿ ಹಾಕಿದರೆ ತೆಳು ಗೋಡೆ ಗೀರುತ್ತದೆ. ಹೊಸ ಇಂಪೆಲ್ಲರ್‌ಗೆ ಗ್ಲಿಸರಿನ್ ಅಥವಾ ಸೋಪಿನ ನೀರು ಸವರಿ, ಗ್ರೀಸ್ ಬೇಡ. ಎಂಜಿನ್ ತಿರುಗುವ ದಿಕ್ಕಿಗೇ ತಿರುಚುತ್ತ ಒಳಗೆ ನೂಕಿದರೆ ರೆಕ್ಕೆಗಳು ತಾವಾಗಿಯೇ ಹಿಂದಕ್ಕೆ ಬಾಗುತ್ತವೆ. ಮುಚ್ಚಳದ ಒಳಮೈಯಲ್ಲಿ ಉಂಗುರದಂಥ ಗೀರು ಬಿದ್ದಿದ್ದರೆ ತಿರುವಿ ಹಾಕಿ, ಇನ್ನೊಂದು ಬದಿ ನಯವಾಗಿರುತ್ತದೆ.

ಪಂಪಿನ ಹೊಟ್ಟೆಯಲ್ಲಿ, ನೀರಿನ ಸೀಲಿಗೂ ಆಯಿಲ್ ಸೀಲಿಗೂ ನಡುವೆ, ಕಡಲೆ ಗಾತ್ರದ ಒಂದು ತೂತಿದೆ. ಅದರಿಂದ ನೀರು ತೊಟ್ಟಿಕ್ಕಿದರೆ ನೀರಿನ ಸೀಲ್ ಹೋಗಿದೆ, ಆಯಿಲ್ ತೊಟ್ಟಿಕ್ಕಿದರೆ ಆಯಿಲ್ ಸೀಲ್. ಸೋರುತ್ತದೆಂದು ಯಾರೋ ಎಂ-ಸೀಲ್ ಮೆತ್ತಿ ಅದನ್ನು ಮುಚ್ಚಿದ್ದು ಕಂಡರೆ ಮೊದಲು ಅದನ್ನು ಕಿತ್ತುಹಾಕಿ. ಮುಚ್ಚಿದ ತೂತಿನ ಹಿಂದೆ ನಿಂತ ನೀರು ಮುಂದಿನ ಸೀಲ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಇನ್ನೂರು ರೂಪಾಯಿ ಉಳಿಸಲು ಹೋಗಿ ಬೇರಿಂಗ್ ಕಳೆದುಕೊಳ್ಳುವುದು ಹೀಗೇ.

ಈ ಸಿಟ್ಟು ತುಸು ಇಳಿಯುವುದು ಡೀಸೆಲ್ ಲೈನಿನ ಏರ್ ತೆಗೆಯುವಾಗ. ಇಲ್ಲಿ ಎಲ್ಲವೂ ಎದುರಿಗೇ ಇದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಪುಟ್ಟ ಲಿವರ್ ಒತ್ತುತ್ತಿರಿ. ಒತ್ತಿದರೆ ಬಿಗಿಯೇ ಸಿಗದಿದ್ದರೆ ಆ ಪಂಪನ್ನು ಒತ್ತುವ ಕ್ಯಾಮ್ ಅಡ್ಡ ನಿಂತಿದೆ, ಎಂಜಿನ್ನನ್ನು ಹ್ಯಾಂಡಲ್‌ನಿಂದ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ನೊರೆ ನಿಂತು ಸ್ವಚ್ಛ ಡೀಸೆಲ್ ಬಂದಾಗ ಬಿಗಿ ಮಾಡಿ, ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ ಪೈಪಿನ ನಟ್ಟು ಅರ್ಧ ಸುತ್ತು. ಪ್ರತಿ ವಾರ ಏರ್ ಹಿಡಿಯುತ್ತಿದ್ದರೆ ತಾಮ್ರದ ವಾಸರ್ ಬದಲಿಸಿ; ಹೊರಗೆ ಡೀಸೆಲ್ ಸೋರದ ಜಾಗದಲ್ಲೂ ಒಳಗೆ ಗಾಳಿ ಎಳೆಯುತ್ತದೆ.

ಬೋಟಿನ ಲೋಹದ ಬದಲು ತಾನು ಸವೆದು ತುಕ್ಕು ತಡೆಯುವ ಸತುವಿನ ತುಂಡು, ಅಂದರೆ ಆನೋಡ್ ಇಲ್ಲಿ ದಂಡ. ಸಿಹಿನೀರಿನಲ್ಲಿ ಅದರ ಮೇಲೆ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ, ಕಬ್ಬಿಣದ ಬೋಟಿಗೆ ಮೆಗ್ನೀಸಿಯಮ್ ಹಾಕಿಸಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬೋಟು ದಂಡೆಯಲ್ಲಿ ಕೂತಾಗ ಇಂಪೆಲ್ಲರ್ ತೆಗೆದಿಡಿ, ಬಾಗಿದ ರೆಕ್ಕೆ ಹಾಗೇ ಸೆಟೆದುಕೊಳ್ಳುತ್ತದೆ. ಟ್ಯಾಂಕು ಮಾತ್ರ ಕಂಠದವರೆಗೆ ತುಂಬಿಸಿ, ಖಾಲಿ ಜಾಗವಿದ್ದರೆ ರಾತ್ರಿ ತಂಪಿಗೆ ಒಳಗೋಡೆ ಬೆವರಿ ನೀರು ಇಳಿಯುತ್ತದೆ.

ಕೈಯಲ್ಲಿ ಪಾನಾ ಹಿಡಿಯುವ ರೂಢಿ ಇದ್ದವರಿಗೆ ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗದು, ನಾಲ್ಕು ಅಂಕ. ಪ್ರತಿಯೊಂದಕ್ಕೂ ಮಿಸ್ತ್ರಿಯನ್ನು ಕರೆಸುವವರಿಗೆ ಎರಡೇ. ಕೊಳ್ಳಲು ಹೋದಾಗ ಚಾಲೂ ಮಾಡಿಸುವ ಮೊದಲು ಬ್ಲಾಕಿನ ಮೇಲೆ ಅಂಗೈ ಇಡಿ. ಆಗಲೇ ಬೆಚ್ಚಗಿದ್ದರೆ ತಣ್ಣಗಿದ್ದಾಗ ಏಳುವುದಿಲ್ಲವೆಂದು ಮುಂಚೆಯೇ ಓಡಿಸಿಟ್ಟಿರಬಹುದು. ಇನ್ನೊಂದು ದಿನ, ಹೇಳದೆ, ನಸುಕಿನಲ್ಲಿ ಹೋಗಿ.