ಹಡಗಿನ ನಲ್ಲಿ ನೀರಾ, ಬಾಟಲಿ ನೀರಾ? ಏಳು ದಿನ ಕುಡಿದು ನೋಡಿದ್ದು

"ಬಾತ್‌ರೂಮಿನ ನಲ್ಲಿ ನೀರು ಕುಡಿಯೋದಾ? ನನ್ನ ಕೈಲಿ ಆಗಲ್ಲ ಕಣೇ."

ಹಡಗು ಹತ್ತಿದ ಮೊದಲ ರಾತ್ರಿ ಅಮ್ಮ ಅಂದ ಮಾತು ಇದು. ಮಾತ್ರೆ ನುಂಗೋಕೆ ನೀರು ಬೇಕಿತ್ತು. ಕ್ಯಾಬಿನ್‌ನಲ್ಲಿ ಇದ್ದ ದಾರಿ ಎರಡೇ. ಮೇಜಿನ ಮೇಲೆ ಕುತ್ತಿಗೆಗೆ ಬೆಲೆ ಚೀಟಿ ತೂಗಿಹಾಕಿದ್ದ ಬಾಟಲಿಗಳು, ಇಲ್ಲವೇ ಹಲ್ಲುಜ್ಜುವ ಬೇಸಿನ್‌ನ ನಲ್ಲಿ. ಅಮ್ಮ ಬಾಟಲಿಯನ್ನೇ ತೆಗೆದರು.

ಹಿಂದಿನ ಸಲ ಇನ್ನೊಂದು ಹಡಗಿನಲ್ಲಿ ಹೋಗಿದ್ದಾಗ ಪ್ರವಾಸ ಪೂರ್ತಿ ಬಾಟಲಿ ನೀರನ್ನೇ ಕುಡಿದಿದ್ದೆವು. ನಲ್ಲಿ ನೀರು ಕುಡಿಯಬಹುದು ಅಂತ ನಮಗೆ ಯಾರೂ ಹೇಳಲಿಲ್ಲ. ಕೊನೇ ದಿನ ಬಿಲ್ ನೋಡಿದಾಗ ಹೊಟ್ಟೆ ಉರಿದಿತ್ತು. ಅದಕ್ಕೇ ಈ ಸಲ ಕ್ಲೋರಿನ್ ನೋಡುವ ಪಟ್ಟಿಗಳು, ನೀರಿನಲ್ಲಿ ಕರಗಿದ ಉಪ್ಪು, ಖನಿಜ ಅಳೆಯುವ ಒಂದು ಟಿಡಿಎಸ್ ಮೀಟರ್, ಎರಡು ಸ್ಟೀಲ್ ಬಾಟಲಿ ಇಟ್ಟುಕೊಂಡೇ ಹೊರಟಿದ್ದೆ. ಏಳು ರಾತ್ರಿಯ ಪ್ರವಾಸ. ಕ್ಯಾಬಿನ್ನಿನ ನಲ್ಲಿ, ಬಫೆಯ ಪಕ್ಕದ ನೀರಿನ ಯಂತ್ರ, ಸೀಲ್ ಬಾಟಲಿ. ಮೂರನ್ನೂ ದಿನಾ ಕುಡಿದು ನೋಡಿದೆ.

ಮೊದಲು ಈ ನೀರು ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ.

ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಿನ ನೀರನ್ನು ಸಮುದ್ರದಿಂದಲೇ ಮಾಡಿಕೊಳ್ಳುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದನ್ನು ತೆಗೆಯೋಕೆ ಎರಡು ದಾರಿ. ಒಂದು, ಎಂಜಿನ್ನಿನ ಬಿಸಿಯಲ್ಲಿ ಕುದಿಸಿ ಆವಿ ಹಿಡಿಯೋದು. ಪಾತ್ರೆಯೊಳಗಿನ ಗಾಳಿ ಎಳೆದು ಒತ್ತಡ ಇಳಿಸಿರುತ್ತಾರೆ. ಹಾಗಾಗಿ ನೀರು 100 ಡಿಗ್ರಿಗಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಹೇಗೂ ವ್ಯರ್ಥವಾಗುವ ಬಿಸಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೆಯದು ಆರ್‌ಓ. ಮನೆಯಲ್ಲಿರೋ ಆರ್‌ಓದ ದೊಡ್ಡಣ್ಣ ಅನ್ನಿ. ಉಪ್ಪು ನೀರನ್ನು ಸಣ್ಣ ರಂಧ್ರದ ಪೊರೆಯ ಮೂಲಕ 50–70 ಬಾರ್ ಒತ್ತಡದಲ್ಲಿ ತಳ್ಳುತ್ತಾರೆ. ಕಾರಿನ ಟೈರಿನಲ್ಲಿ ಇರೋದು ಸುಮಾರು 2 ಬಾರ್ ಅಷ್ಟೇ. ಸಾಲದೇ ಬಂದದ್ದನ್ನು ಬಂದರಿನಲ್ಲಿ ಪೈಪ್ ಹಾಕಿ ತುಂಬಿಕೊಳ್ಳುತ್ತಾರೆ.

ಕಡಿಮೆ ಬಿಸಿಯಲ್ಲಿ ಕುದ್ದ ನೀರಿನಲ್ಲಿ ರೋಗಾಣು ಪೂರ್ತಿ ಸಾಯುತ್ತವೆ ಅಂತ ನಂಬೋ ಹಾಗಿಲ್ಲ. ಆರ್‌ಓ ನೀರೂ ಟ್ಯಾಂಕಿನಲ್ಲಿ, ಉದ್ದುದ್ದ ಪೈಪುಗಳಲ್ಲಿ ದಿನಗಟ್ಟಲೆ ಸುತ್ತುತ್ತದೆ. ಅದಕ್ಕೇ ಕ್ಲೋರಿನ್ ಹಾಕೋದು. ಅಮೆರಿಕದ ಬಂದರಿಗೆ ಬರುವ ಕ್ರೂಸ್ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತಪಾಸಣೆ ಮಾಡುತ್ತದೆ. ಅವರ ನಿಯಮದಂತೆ ಪೈಪಿನ ಕೊನೇ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 5 ಮಿಲಿಗ್ರಾಂ ದಾಟಬಾರದು. ಹೇಳದೆ ಕೇಳದೆ ಹಡಗು ಹತ್ತಿ ನೋಡುತ್ತಾರೆ. 100ಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಆ ಅಂಕವನ್ನು ಸಿಡಿಸಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನೀವು ಹೋಗುವ ಹಡಗಿನ ಹೆಸರು ಅಲ್ಲಿದ್ದರೆ ಒಂದ್ಸಲ ನೋಡಿಕೊಳ್ಳಿ. ಬೇರೆ ಕಡೆಗಳಲ್ಲಿ ಓಡುವ ಹಡಗುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇದೆ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಪಡೆಯುವ ನೈರ್ಮಲ್ಯ ಪ್ರಮಾಣಪತ್ರವನ್ನು 6 ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು.

ಈಗ ನನ್ನ ಪರೀಕ್ಷೆಗೆ ಬರೋಣ.

ಕ್ಯಾಬಿನ್ ನಲ್ಲಿಯ ಮೊದಲ ಲೋಟ ನೋಡಿ ನನಗೇ ಒಂಚೂರು ಅಳುಕಾಯಿತು. ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಿತ್ತು. ಲೋಟವನ್ನು ದೀಪದ ಕೆಳಗಿಟ್ಟು ನೋಡುತ್ತಾ ನಿಂತೆ. ತಳದಿಂದ ತಿಳಿಯಾಗುತ್ತಾ ಬಂತು. ಬಿಳುಪು ಮೇಲಕ್ಕೆ ಸರಿದು ಸರಿದು ಕೊನೆಗೆ ಮಾಯವಾಯಿತು. ಅರ್ಧ ನಿಮಿಷವೂ ಆಗಲಿಲ್ಲ. ಅದು ಬರೀ ಗಾಳಿಯ ಗುಳ್ಳೆ. ಪೈಪಿನ ಒತ್ತಡದಲ್ಲಿ ನೀರಿನೊಳಗೆ ಕರಗಿದ್ದ ಗಾಳಿ ಹೊರಗೆ ಬರುವಾಗ ಹೀಗಾಗುತ್ತದೆ. ಸುಣ್ಣವೋ ಮಣ್ಣೋ ಆಗಿದ್ದರೆ ತಳಕ್ಕೆ ಕೂರುತ್ತಿತ್ತು, ಹೀಗೆ ಮೇಲೆ ಹೋಗುತ್ತಿರಲಿಲ್ಲ. ಇದನ್ನು ನೋಡಿ ನೀರು ಕೆಟ್ಟಿದೆ ಅಂದುಕೊಳ್ಳುವವರು ಬಹಳ ಜನ, ಅದಕ್ಕೇ ಇಷ್ಟು ಹೇಳಿದೆ.

ಪಟ್ಟಿ ಅದ್ದಿದರೆ ತಿಳಿ ಗುಲಾಬಿ ಬಣ್ಣ ಬಂತು. ಡಬ್ಬಿ ಮೇಲಿನ ಬಣ್ಣಕ್ಕೆ ಹಿಡಿದು ನೋಡಿದೆ, ಲೀಟರಿಗೆ 1 ಮಿಲಿಗ್ರಾಂ ಹತ್ತಿರ. ಮೂಗಿಗೆ ಈಜುಕೊಳದ ವಾಸನೆ ಸಣ್ಣಗೆ ಬಡಿಯಿತು. ರುಚಿ ಸಪ್ಪೆ. ಸಮುದ್ರದ ನೀರಿನಿಂದ ಮಾಡಿದ ನೀರಿನಲ್ಲಿ ಖನಿಜ ಕಡಿಮೆ, ಅದಕ್ಕೇ ಹೀಗೆ. ಪೈಪ್ ತುಕ್ಕು ಹಿಡಿಯಬಾರದು, ರುಚಿಯೂ ಇರಲಿ ಅಂತ ಅದಕ್ಕೆ ಖನಿಜ ಸೇರಿಸುತ್ತಾರೆ. ಆದರೂ ಬಾಟಲಿ ನೀರಿನ ರುಚಿ ಬರೋದಿಲ್ಲ. ನಮಗೆ ಖನಿಜ ಸಿಗೋದು ಹೆಚ್ಚಾಗಿ ಊಟದಿಂದ ಅಲ್ವಾ, ಅದರ ಚಿಂತೆ ಬೇಡ.

ಬಫೆಯ ಯಂತ್ರದ ನೀರು ಕುಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ತಣ್ಣಗಿದೆ, ವಾಸನೆ ಇಲ್ಲ. ಪಟ್ಟಿಯಲ್ಲಿ ಬಣ್ಣವೇ ಬರಲಿಲ್ಲ ಅನ್ನಬಹುದು. ಸರಿ, ಇದು ಬೇರೆ ನೀರೇ ಇರಬೇಕು ಅಂದುಕೊಂಡೆ. ಅಲ್ಲಿ ಲೋಟ ಜೋಡಿಸುತ್ತಿದ್ದ ಹುಡುಗನನ್ನು ಕೇಳಿದರೆ, "ಇಲ್ಲ ಮೇಡಂ, ಟ್ಯಾಂಕ್ ಒಂದೇ, ಇದಕ್ಕೆ ಒಳಗೆ ಫಿಲ್ಟರ್ ಇದೆ" ಅಂದ. ಇದ್ದಿಲಿನ ಫಿಲ್ಟರ್ ಕ್ಲೋರಿನ್ ಹೀರಿಕೊಳ್ಳುತ್ತದೆ, ಅದಕ್ಕೇ ರುಚಿ ಚೆನ್ನ. ಟಿಡಿಎಸ್ ಮೀಟರ್ ಎರಡಕ್ಕೂ ಹೆಚ್ಚೂಕಡಿಮೆ ಒಂದೇ ಅಂಕಿ ತೋರಿಸಿತು. (ಆ ಮೀಟರ್ ಹೇಳೋದು ಕರಗಿದ ಉಪ್ಪು, ಖನಿಜ ಎಷ್ಟಿದೆ ಅಂತ ಮಾತ್ರ. ರೋಗಾಣು ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗೋದಿಲ್ಲ. ಅಂಕಿ ಕಡಿಮೆ ಬಂತು ಅಂತ ಸುಮ್ನೆ ನಂಬಬೇಡಿ.) ಹಡಗಿನ ಐಸ್, ಕಾಫಿ, ಟೀ ಎಲ್ಲಕ್ಕೂ ಅದೇ ನೀರು. ಬಾಟಲಿ ನೀರು ಬಿಟ್ಟರೆ ಬೇರೇನೂ ಮುಟ್ಟಲ್ಲ ಅನ್ನುವವರು ಅದೇ ನೀರಿನ ಕಾಫಿ ಕುಡಿದಿರುತ್ತಾರೆ.

ಇಷ್ಟಾದರೂ ಯಂತ್ರಕ್ಕೆ ನಾನು ಮೊದಲ ಸ್ಥಾನ ಕೊಡೋದಿಲ್ಲ. ಕಾರಣ ನೀರಲ್ಲ, ಜನ. ಮೂರನೇ ದಿನ ನನ್ನ ಮುಂದೆ ನಿಂತಿದ್ದವರೊಬ್ಬರು ಬಾಯಿ ಇಟ್ಟು ಕುಡಿದ ಬಾಟಲಿಯನ್ನು ಯಂತ್ರದ ಮೂತಿಗೆ ಒತ್ತಿ ಹಿಡಿದು ತುಂಬಿಸಿದರು. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೋರೋವೈರಸ್ ಹೆಚ್ಚಾಗಿ ಹರಡೋದೇ ಹೀಗೆ, ಒಬ್ಬರ ಕೈಯಿಂದ, ಮುಟ್ಟಿದ ಜಾಗದಿಂದ ಇನ್ನೊಬ್ಬರಿಗೆ. ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಈ ವೈರಸ್ ಅಷ್ಟಾಗಿ ಬಗ್ಗೋದಿಲ್ಲ, ಸೋಪು ಹಾಕಿಯೇ ತೊಳೆಯಬೇಕು. ಯಂತ್ರದ ಹತ್ತಿರ ಲೋಟದಲ್ಲಿ ಹಿಡಿದು ಬಾಟಲಿಗೆ ಸುರಿದುಕೊಳ್ಳಿ, ಬಾಟಲಿಯನ್ನು ಮೂತಿಗೆ ತಾಗಿಸಬೇಡಿ. ಕ್ಯಾಬಿನ್ನಿನ ನಲ್ಲಿಯನ್ನು ಮುಟ್ಟುವವರು ನಾವಿಬ್ಬರೇ. ನನಗೆ ಆ ಧೈರ್ಯವೇ ದೊಡ್ಡದು.

ಬಾಟಲಿ ನೀರಿನ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ರುಚಿ ಚೆನ್ನಾಗಿದೆ, ದುಡ್ಡು ಹೋಗುತ್ತದೆ. ಏಳು ದಿನಕ್ಕೆ ಇಬ್ಬರಿಗೆ ರಾಶಿ ಪ್ಲಾಸ್ಟಿಕ್ ಆಗುತ್ತದೆ, ಅದು ನನಗೆ ನಿಜವಾಗಲೂ ನೋವು. 1988ರ ಕೊನೆಯಿಂದ ಹಡಗಿನವರು ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯುವಂತಿಲ್ಲ, ಹಡಗುಗಳಿಂದ ಸಮುದ್ರ ಕೆಡದಂತೆ ತಡೆಯುವ ಮಾರ್ಪೋಲ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ನಿಯಮ ಅದು. ಸರಿ, ಎಸೆಯೋದಿಲ್ಲ. ಆದರೆ ಇನ್ನೊಂದು ಊರಿನ ಬಂದರಿನಲ್ಲಿ ಇಳಿಸುತ್ತಾರೆ ತಾನೇ.

ನಾಲ್ಕನೇ ರಾತ್ರಿ ಅಮ್ಮನಿಗೆ ಮೂರು ಲೋಟ ಇಟ್ಟೆ. ಒಂದರಲ್ಲಿ ಬಾಟಲಿ ನೀರು, ಒಂದರಲ್ಲಿ ಯಂತ್ರದ್ದು, ಇನ್ನೊಂದರಲ್ಲಿ ಕ್ಯಾಬಿನ್ ನಲ್ಲಿಯದು. ನಲ್ಲಿ ನೀರನ್ನು ಹಿಂದಿನ ರಾತ್ರಿ ಜಗ್‌ನಲ್ಲಿ ಹಿಡಿದು, ಎರಡು ಗಂಟೆ ಮುಚ್ಚದೆ ಇಟ್ಟು, ಆಮೇಲೆ ಸ್ಟೀಲ್ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ತೆರೆದಿಟ್ಟರೆ ಕ್ಲೋರಿನ್ ಸ್ವಲ್ಪ ಹಾರಿಹೋಗುತ್ತದೆ, ತಣ್ಣಗಾದರೆ ಉಳಿದ ವಾಸನೆಯೂ ಗೊತ್ತಾಗೋದಿಲ್ಲ. ಮೂರೂ ಅಷ್ಟೇ ತಣ್ಣಗಿದ್ದವು. ಅಮ್ಮ ಒಂದೊಂದು ಗುಟುಕು ಕುಡಿದರು. ಎರಡನೇ ಸಲ ಕುಡಿದರು. ನಲ್ಲಿಯದರ ಮೇಲೆ ಬೆರಳಿಟ್ಟು, "ಇದೇ ಬಾಟಲಿದು" ಅಂದರು. ನಾನು ವಿಷಯ ಹೇಳಿದಾಗ ಲೋಟವನ್ನೇ ನೋಡುತ್ತಾ ಕೂತರು. ಆಮೇಲೆ ಪೂರ್ತಿ ಕುಡಿದಿಟ್ಟರು. ಅವರಿಗೆ ಅಡ್ಡ ಬಂದಿದ್ದು ರುಚಿಯಲ್ಲ, ಬಾತ್‌ರೂಮ್ ಅನ್ನೋ ಹೆಸರು.

ಒಂದು ದಿನ ಮಾತ್ರ ಎಡವಟ್ಟಾಯಿತು. ಐದನೇ ದಿನ ನನ್ನ ಸ್ಟೀಲ್ ಬಾಟಲಿಯ ನೀರಿನಿಂದ ಮುಗ್ಗಲು ವಾಸನೆ. ನಲ್ಲಿಯಿಂದ ನೇರ ಲೋಟಕ್ಕೆ ಹಿಡಿದು ನೋಡಿದೆ, ಏನೂ ಇಲ್ಲ. ಮುಚ್ಚಳದ ರಬ್ಬರ್ ಬಿಚ್ಚಿದರೆ ಒಳಗೆ ಲೋಳೆ ಕಟ್ಟಿತ್ತು. ನಾಲ್ಕು ದಿನ ತುಂಬಿದ್ದಷ್ಟೇ, ತೊಳೆದಿರಲಿಲ್ಲ. ಕ್ಲೋರಿನ್ ಹೋದ ನೀರಿಗೆ ಕಾವಲು ಇರೋದಿಲ್ಲ. ಯಂತ್ರದ ನೀರಾಗಲಿ, ತೆರೆದಿಟ್ಟ ನೀರಾಗಲಿ, ಅವತ್ತಿನದು ಅವತ್ತೇ ಕುಡಿದು ಬಾಟಲಿಯನ್ನು ಸೋಪು, ಬಿಸಿನೀರಿನಲ್ಲಿ ತೊಳೆಯಬೇಕು. ಕುಡಿಯೋಕೆ ಹಿಡಿಯುವಾಗ ತಣ್ಣೀರಿನ ಕಡೆಯೇ ತಿರುಗಿಸಿ. ಮೊದಲ ದಿನ ಒಂದೆರಡು ನಿಮಿಷ ಹರಿಯಬಿಟ್ಟು ಆಮೇಲೆ ಹಿಡಿಯಿರಿ, ಖಾಲಿ ಇದ್ದ ಕ್ಯಾಬಿನ್ನಿನ ಪೈಪಿನಲ್ಲಿ ನಿಂತ ನೀರು ಹೋಗಲಿ.

ನನ್ನ ಮಟ್ಟಿಗೆ ಕ್ಯಾಬಿನ್ ನಲ್ಲಿಯದೇ ಮೊದಲು, ಊಟದ ಹೊತ್ತಿಗೆ ಯಂತ್ರದ್ದು, ಬಾಟಲಿ ಕೊನೆಗೆ. ಇದು ದೊಡ್ಡ ಕ್ರೂಸ್ ಹಡಗಿನ ಮಾತು. ಸಣ್ಣ ದೋಣಿಯಲ್ಲಿ ನೀರು ಎಲ್ಲಿ ತುಂಬಿಸುತ್ತಾರೆ ಅಂತ ಕೇಳಿಯೇ ಕುಡಿಯಿರಿ. ಕಂದು ಬಣ್ಣ ಹೋಗದಿದ್ದರೆ, ಕುಡಿಯಬೇಡಿ ಅಂತ ಹಡಗಿನವರೇ ಹೇಳಿದರೆ, ಎರಡನೇ ಯೋಚನೆ ಬೇಡ, ಬಾಟಲಿಯೇ. ಕೀಮೋ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು, ಎಳೆಗೂಸಿಗೆ ಪುಡಿ ಹಾಲು ಕಲಸುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಿ.

ಬಂದರಿನಲ್ಲಿ ಇಳಿದು ಊರು ಸುತ್ತುವಾಗ ಮಾತು ಬೇರೆ. ಹಡಗಿನ ನಲ್ಲಿಗಿರುವ ಕ್ಲೋರಿನ್ ಲೆಕ್ಕ ದಡದ ನಲ್ಲಿಗಿಲ್ಲ. ಆರನೇ ದಿನ ಇಳಿಯುವಾಗ ಅಮ್ಮ ತಮ್ಮ ಬಾಟಲಿಯನ್ನು ಬೇಸಿನ್ನಿನಲ್ಲಿ ತಾವೇ ತುಂಬಿಕೊಂಡರು. ಬೆಳ್ಳಗಿದ್ದ ನೀರು ತಿಳಿಯಾಗುವ ತನಕ ನೋಡಿ, ಮುಚ್ಚಳ ತಿರುಗಿಸಿ, ಚೀಲಕ್ಕೆ ಹಾಕಿಕೊಂಡರು.