ತೊಟ್ಟಿ ತುಂಬಾ ನೀರಿತ್ತು, ಕುದುರೆ ಮಾತ್ರ ಕುಡಿದಿರಲಿಲ್ಲ

ಚಳಿಗಾಲಕ್ಕೆ ಅಂತ ಕುದುರೆ ತೊಟ್ಟಿಗೆ ಹೀಟರ್ ಹಾಕಿ ನೆಮ್ಮದಿಯಾಗಿ ಇರುವವರು ಇದನ್ನೊಮ್ಮೆ ಓದಿ. ನಾನೂ ಹಾಗೇ ನೆಮ್ಮದಿಯಾಗಿದ್ದೆ. ಒಂದು ದಿನ ಬೆಳಗಿನ ಜಾವ ಲಾಯಕ್ಕೆ ಹೋದರೆ ನಮ್ಮ ದೊಡ್ಡವಳು ನೆಲದಲ್ಲಿ ಹೊರಳಾಡುತ್ತಿದ್ದಳು.

ನನ್ನ ಹತ್ತಿರ ಇರುವುದು ಎರಡೇ ಕುದುರೆ. ಹತ್ತೊಂಬತ್ತು ವರ್ಷದ ಹೆಣ್ಣು, ಅವಳೇ ದೊಡ್ಡವಳು. ಆರು ವರ್ಷದ ಗಂಡು, ಅವನು ಚಿಕ್ಕವನು. ಇಬ್ಬರಿಗೂ ಸೇರಿ ಅಂಗಳದಲ್ಲಿ ಒಂದು ತಗಡಿನ ತೊಟ್ಟಿ. ನೀರು ಕಡಿಮೆಯಾದರೆ ಬಾಲ್ ವಾಲ್ವ್ ತಾನೇ ತುಂಬಿಸುತ್ತದೆ. ಮೊದಲೆಲ್ಲ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಮಂಜುಗಡ್ಡೆ ಒಡೆಯುವುದೇ ನನ್ನ ಕೆಲಸವಾಗಿತ್ತು. ಒಡೆದು ಚೂರುಗಳನ್ನು ಎತ್ತಿ ಹೊರಗೆ ಹಾಕದಿದ್ದರೆ ಅವು ಮತ್ತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಪ್ಪುನೀರು ತುಂಬಿದ ಬಾಟಲಿಗಳನ್ನು ತೇಲಿಬಿಟ್ಟರೆ ನೀರು ಗಟ್ಟಿಯಾಗುವುದಿಲ್ಲ ಅಂತ ಯಾರೋ ಹೇಳಿದರು. ಅದನ್ನೂ ಮಾಡಿದೆ. ಬಾಟಲಿಯೊಳಗಿನ ನೀರು ಗಟ್ಟಿಯಾಗಲಿಲ್ಲ, ನಿಜ. ಸುತ್ತಲಿನ ನೀರು ಮಾತ್ರ ಕಲ್ಲಿನ ಹಾಗೆ ಆಗಿತ್ತು. ಕೊನೆಗೆ ಒಂದು ಬಾಟಲಿ ಒಡೆದು ತೊಟ್ಟಿಯ ನೀರೆಲ್ಲ ಉಪ್ಪಾಗಿ, ಪೂರ್ತಿ ಚೆಲ್ಲಬೇಕಾಯಿತು. (ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್ ಸ್ವಲ್ಪ ಬೆರೆಸಿದರೆ ಹೇಗೆ ಅಂತ ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ.)

ಹಾಗಾಗಿ ಹೀಟರ್ ತಂದೆ. 1500 ವ್ಯಾಟಿನದು, ನೀರೊಳಗೆ ಮುಳುಗಿಸಿಡುವಂಥದ್ದು. ನೀರು ತುಂಬಾ ತಣ್ಣಗಾದಾಗ ತಾನೇ ಆನ್ ಆಗುತ್ತದೆ. ಅದರ ವೈರ್ ಲಾಯದ ಪ್ಲಗ್‌ವರೆಗೆ ಬರಲಿಲ್ಲ, ಮೂಲೆಯಲ್ಲಿ ಬಿದ್ದಿದ್ದ ಹಳೇ ಎಕ್ಸ್‌ಟೆನ್ಷನ್ ಜೋಡಿಸಿದೆ. ನೆಲದ ಥಂಡಿ ತಾಗದಿರಲಿ ಅಂತ ತೊಟ್ಟಿಯ ಕೆಳಗೆ ಮರದ ಹಲಗೆಗಳನ್ನೂ ಕೊಟ್ಟೆ. ಬಹಳ ಬುದ್ಧಿವಂತಿಕೆ ಮಾಡಿದ್ದೇನೆ ಅಂದುಕೊಂಡಿದ್ದೆ.

ಮೂರು ವಾರ ಏನೂ ತೊಂದರೆ ಇರಲಿಲ್ಲ. ಮೈನಸ್ 12 ಡಿಗ್ರಿ ಚಳಿಯಲ್ಲೂ ತೊಟ್ಟಿಯ ನೀರು ತಿಳಿಯಾಗಿ ಅಲುಗಾಡುತ್ತಿತ್ತು. ಬೆಳಿಗ್ಗೆ ಹೋಗಿ ನೋಡುವುದು, ಮಂಜುಗಡ್ಡೆ ಇಲ್ಲ, ತೊಟ್ಟಿ ತುಂಬಿದೆ, ಸರಿ ಅಂತ ಒಳಗೆ ಬರುವುದು. ತೊಟ್ಟಿ ಯಾವಾಗಲೂ ತುಂಬಿಯೇ ಇರುತ್ತಿತ್ತು, ಅಲ್ವಾ? ವಾಲ್ವ್ ಇದೆಯಲ್ಲ. ಕುದುರೆ ನಲವತ್ತು ಲೀಟರ್ ಕುಡಿದರೂ ತುಂಬಿರುತ್ತದೆ, ಒಂದು ಹನಿ ಕುಡಿಯದಿದ್ದರೂ ತುಂಬಿರುತ್ತದೆ. ಇದು ನನಗೆ ಹೊಳೆಯಲೇ ಇಲ್ಲ.

ಈಗ ಹಿಂದಕ್ಕೆ ನೋಡಿದರೆ ನಾಲ್ಕೈದು ದಿನ ಮೊದಲೇ ಎಲ್ಲ ಸೂಚನೆಗಳೂ ಕಣ್ಣೆದುರಿಗೇ ಇದ್ದವು. ದೊಡ್ಡವಳು ತೊಟ್ಟಿಯ ಹತ್ತಿರ ಹೋಗುತ್ತಿದ್ದಳು, ಮೂತಿ ಇಳಿಸುತ್ತಿದ್ದಳು, ಥಟ್ಟನೆ ತಲೆ ಎತ್ತಿ ಹಿಂದೆ ಸರಿಯುತ್ತಿದ್ದಳು. ವಯಸ್ಸಾದ ಮೇಲೆ ಬಿಂಕ ಜಾಸ್ತಿಯಾಗಿದೆ ಅಂತ ನಕ್ಕಿದ್ದೆ. ಚಿಕ್ಕವನು ಬೇಲಿಯ ಪಕ್ಕದ ಹಿಮವನ್ನು ನೆಕ್ಕುತ್ತಿದ್ದ. ಎಷ್ಟು ಮುದ್ದಾಗಿದೆ ಅಂತ ಫೋಟೋ ಬೇರೆ ತೆಗೆದಿದ್ದೆ. ಆ ಫೋಟೋ ಇನ್ನೂ ಫೋನಿನಲ್ಲಿದೆ, ನೋಡಿದರೆ ನಾಚಿಕೆಯಾಗುತ್ತದೆ. ಹಿಮ ತಿಂದು ಕುದುರೆಯ ಬಾಯಾರಿಕೆ ತೀರುವುದಿಲ್ಲ. ಆಗಷ್ಟೇ ಬಿದ್ದ ಹಿಮ ಒಂದು ಬಕೆಟ್ ತುಂಬಾ ಕರಗಿಸಿ ನೋಡಿ, ತಳದಲ್ಲಿ ಸ್ವಲ್ಪವೇ ನೀರು ಸಿಗುತ್ತದೆ. ಅಷ್ಟನ್ನು ಕರಗಿಸುವುದಕ್ಕೂ ಅದು ತನ್ನ ಮೈಯ ಶಾಖವನ್ನೇ ಕೊಡಬೇಕು.

ಲದ್ದಿಯೂ ಕಡಿಮೆಯಾಗಿತ್ತು. ಉಂಡೆಗಳು ಸಣ್ಣಗೆ, ಒಣಗಿ, ಹೊಳೆಯುವ ಲೋಳೆ ಹಚ್ಚಿಕೊಂಡು ಬೀಳುತ್ತಿದ್ದವು. ಒಣಹುಲ್ಲು ತಿನ್ನುವ ಕಾಲ, ಹೀಗೇ ಇರುತ್ತದೆ ಅಂದುಕೊಂಡೆ. ಅಸಲು ವಿಷಯ ಇರುವುದೇ ಅಲ್ಲಿ. ಹಸಿಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಒಣಹುಲ್ಲಿನಲ್ಲಿ ನೂರಕ್ಕೆ 10–15 ಪಾಲು ಇದ್ದರೆ ಹೆಚ್ಚು. ಅಂದರೆ ಬೇಸಿಗೆಯಲ್ಲಿ ಮೇಯುತ್ತಲೇ ಅರ್ಧ ನೀರು ಹೊಟ್ಟೆಗೆ ಹೋಗಿರುತ್ತದೆ. ಚಳಿಗಾಲದಲ್ಲಿ ಅಷ್ಟನ್ನೂ ಬಾಯಿಂದಲೇ ಕುಡಿಯಬೇಕು. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ಬೇಕು. ಚಳಿಯಲ್ಲಿ ಬಾಯಾರಿಕೆ ಕಡಿಮೆ ಅಂತ ನಾವು ನಮ್ಮ ಲೆಕ್ಕದಲ್ಲಿ ಯೋಚಿಸುತ್ತೇವೆ.

ಆ ಬೆಳಿಗ್ಗೆಯ ವಿಷಯಕ್ಕೆ ಬರುತ್ತೇನೆ. ಅವಳು ಏಳುತ್ತಿದ್ದಳು, ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು, ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದಳು, ಮತ್ತೆ ಬೀಳುತ್ತಿದ್ದಳು. ಅಷ್ಟು ಚಳಿಯಲ್ಲೂ ಕುತ್ತಿಗೆಯಲ್ಲಿ ಬೆವರು. ಮುಂದಿದ್ದ ಹುಲ್ಲು ತೆಗೆದುಹಾಕಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಬಂದು ಎದೆಬಡಿತ ಎಣಿಸಿದರು. ನಿಮಿಷಕ್ಕೆ 60. ಸುಮ್ಮನೆ ನಿಂತ ಕುದುರೆಗೆ 28ರಿಂದ 44 ಇರಬೇಕು. ವಸಡು ಮುಟ್ಟಿದರು, ಒಣಗಿ ಅಂಟಂಟಾಗಿತ್ತು. ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಗುಡುಗುಡು ಸದ್ದೇ ಇಲ್ಲದಷ್ಟು ಕಡಿಮೆ.

"ದೊಡ್ಡ ಕರುಳು ಒಂದು ಕಡೆ ಯು ಆಕಾರದಲ್ಲಿ ತಿರುಗಿ ಕಿರಿದಾಗುತ್ತದೆ. ಅಲ್ಲಿ ಒಣಗಿದ ಮೇವು ಸಿಕ್ಕಿಕೊಂಡಿದೆ" ಅಂದರು. "ಇವಳು ನೀರು ಕುಡಿದಿದ್ದನ್ನು ಕೊನೆಯ ಸಲ ಯಾವಾಗ ನೋಡಿದಿರಿ?"

ನಾನು ಬಾಯಿ ತೆರೆದೆ. ಉತ್ತರ ಬರಲಿಲ್ಲ. ನೀರನ್ನು ದಿನಾ ನೋಡಿದ್ದೆ. ಕುಡಿದಿದ್ದನ್ನು ನೋಡಿರಲಿಲ್ಲ.

ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ನೀರು, ಔಷಧಿ ಕೊಡಬೇಕು, ಉಗುರುಬೆಚ್ಚಗಿನ ನೀರು ತನ್ನಿ ಅಂದರು. ಎರಡು ಬಕೆಟ್ ತಂದಿಟ್ಟೆ. ನಾವಿಬ್ಬರೂ ಕೊಳವೆಯ ಕಡೆ ಗಮನ ಕೊಟ್ಟಿದ್ದಾಗ ಚಿಕ್ಕವನು ಅಡ್ಡಗಂಬದ ಮೇಲಿಂದ ಕುತ್ತಿಗೆ ಚಾಚಿ ಒಂದು ಬಕೆಟ್ಟಿಗೆ ಬಾಯಿ ಹಾಕಿದ. ತಲೆ ಎತ್ತಲೇ ಇಲ್ಲ. ಪೂರ್ತಿ ಖಾಲಿ ಮಾಡಿ ತಳ ನೆಕ್ಕಿದ. ಡಾಕ್ಟರಮ್ಮ ಬಕೆಟ್ ನೋಡಿದರು. ಆಮೇಲೆ ಬಾಗಿಲಾಚೆ, ಹತ್ತು ಹೆಜ್ಜೆ ದೂರದಲ್ಲಿ ತುಂಬಿ ನಿಂತಿದ್ದ ತೊಟ್ಟಿ ನೋಡಿದರು. "ಅದರಲ್ಲಿ ಕರೆಂಟಿನ ಹೀಟರ್ ಇದೆಯಾ? ಮೊದಲು ಆಫ್ ಮಾಡಿ. ತೊಟ್ಟಿ ಮುಟ್ಟಬೇಡಿ, ಮೇನ್ ಆಫ್ ಮಾಡಿ."

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟ. ಒಂದು ಕಡ್ಡಿ ನೀರಿಗೆ, ಇನ್ನೊಂದು ಒದ್ದೆ ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ. 9 ವೋಲ್ಟ್ ತೋರಿಸಿತು. ಹೀಟರಿನ ವೈರ್ ತೊಟ್ಟಿಯ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಹೊದಿಕೆ ಹರಿದಿತ್ತು. ಎಕ್ಸ್‌ಟೆನ್ಷನ್ನಿನೊಳಗೆ ಅರ್ಥ್ ವೈರ್ ಯಾವತ್ತೋ ತುಂಡಾಗಿತ್ತು. ತೊಟ್ಟಿಯಾದರೂ ನೇರವಾಗಿ ನೆಲದ ಮೇಲಿದ್ದಿದ್ದರೆ ಸ್ವಲ್ಪ ಕರೆಂಟ್ ಭೂಮಿಗೆ ಹೋಗುತ್ತಿತ್ತೇನೋ. ನಾನು ಹಲಗೆ ಕೊಟ್ಟು ಅದನ್ನೂ ತಪ್ಪಿಸಿದ್ದೆ. ಕರೆಂಟ್ ಸೋರಿದ ತಕ್ಷಣ ಟ್ರಿಪ್ ಆಗುವ ಸ್ವಿಚ್ ಲಾಯದ ಹಳೇ ವೈರಿಂಗಿನಲ್ಲಿ ಇರಲೇ ಇಲ್ಲ.

ನನಗೇಕೆ ಗೊತ್ತಾಗಲಿಲ್ಲ ಅಂತ ನೀವು ಕೇಳಬಹುದು. ನಾನೂ ಆ ನೀರಿಗೆ ಕೈ ಹಾಕಿದ್ದೆ, ಒಂದಲ್ಲ ಹತ್ತು ಸಲ. ಆದರೆ ನನ್ನ ಕಾಲಲ್ಲಿ ರಬ್ಬರ್ ಬೂಟು. ಕುದುರೆಯ ಕಾಲಲ್ಲಿ ಕಬ್ಬಿಣದ ಲಾಳ, ನಿಂತಿರುವುದು ಚೆಲ್ಲಿದ ನೀರಿನ ಕೆಸರಿನಲ್ಲಿ, ನೀರಿಗೆ ತಾಗಿಸುವುದು ಮೆತ್ತನೆಯ ಒದ್ದೆ ತುಟಿ. ನಮಗೆ ಏನೂ ಅನ್ನಿಸದಷ್ಟು ಸಣ್ಣ ಕರೆಂಟೂ ಅವಕ್ಕೆ ಜುಮ್ ಅನ್ನುತ್ತದೆ. ಅದಕ್ಕಾಗಿ "ನಾನು ಕೈ ಹಾಕಿ ನೋಡಿದೆ, ಏನೂ ಇಲ್ಲ" ಅನ್ನುವ ಮಾತಿಗೆ ಬೆಲೆಯಿಲ್ಲ. ಬೂಟು ಬಿಚ್ಚಿ ಪರೀಕ್ಷೆ ಮಾಡಿ ಅಂತ ಮಾತ್ರ ನಾನು ಹೇಳುತ್ತಿಲ್ಲ, ಹಾಗೆ ಮಾಡಿದರೆ ಪ್ರಾಣಕ್ಕೇ ಬರುತ್ತದೆ. ಮೀಟರ್ ಗೊತ್ತಿರುವವರನ್ನು ಕರೆಸಿ.

ದೊಡ್ಡವಳು ಉಳಿದಳು. ಎರಡು ದಿನ ಹಗಲೂ ರಾತ್ರಿ ಕೊಳವೆ, ನರಕ್ಕೆ ಡ್ರಿಪ್, ನೋವಿನ ಇಂಜೆಕ್ಷನ್. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಪ್ರತಿ ಸಲವೂ ಹೊಟ್ಟೆಯಲ್ಲಿ ಮೊದಲೇ ಏನಾದರೂ ತುಂಬಿಕೊಂಡಿದೆಯಾ ಅಂತ ನೋಡಿಯೇ ಸುರಿಯುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಲದ್ದಿ ಹಾಕಿದಳು. ಲದ್ದಿ ನೋಡಿ ಅಷ್ಟು ಖುಷಿಯಾಗಬಹುದು ಅಂತ ನನಗೆ ಗೊತ್ತಿರಲಿಲ್ಲ.

ಈಗ ಎಕ್ಸ್‌ಟೆನ್ಷನ್ ಇಲ್ಲ. ತೊಟ್ಟಿಯ ಪಕ್ಕದಲ್ಲೇ ನೀರು ತಾಗದ ಹಾಗೆ ಮುಚ್ಚಿದ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಸ್ವಿಚ್. ಹೊಸ ಹೀಟರಿನ ವೈರ್ ಪೈಪಿನೊಳಗಿಂದ ಬರುತ್ತದೆ, ಕುದುರೆ ಕಚ್ಚುವ ಹಾಗಿಲ್ಲ, ಇಲಿ ಕಡಿಯುವ ಹಾಗಿಲ್ಲ. ತೊಟ್ಟಿಯ ಸುತ್ತ ದಪ್ಪ ಥರ್ಮೋಕೋಲ್, ಅದರ ಮೇಲೆ ಹಲಗೆ. ಮೇಲ್ಗಡೆ ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದೇನೆ, ಎರಡು ಮೂತಿ ಹೋಗುವಷ್ಟು ಜಾಗ ಮಾತ್ರ ಬಿಟ್ಟು. ನೀರು ಹೆಪ್ಪುಗಟ್ಟುವುದು ಮೇಲಿನಿಂದ ತಾನೇ? ಶಾಖ ಹೋಗುವುದೂ ಹೆಚ್ಚಾಗಿ ಅಲ್ಲಿಂದಲೇ. ಮುಚ್ಚಳ ಹಾಕಿದ ಮೇಲೆ ಹೀಟರ್ ಆನ್ ಆಗುವುದೇ ಎಷ್ಟೋ ಕಡಿಮೆಯಾಗಿದೆ. ಇದನ್ನು ಮೊದಲೇ ಮಾಡಬೇಕಿತ್ತು.

ಇಷ್ಟಾದರೂ ಚಳಿ ಜೋರಾದಾಗ ವಾಲ್ವ್ ಮುಚ್ಚಿಬಿಡುತ್ತೇನೆ. ತೊಟ್ಟಿಯ ಒಳಗೋಡೆಗೆ ಬಣ್ಣದಲ್ಲಿ ಗೆರೆ ಎಳೆದಿದ್ದೇನೆ, ಸಂಜೆಗೆ ಎಷ್ಟು ಇಳಿದಿದೆ ಅಂತ ಕಾಣುತ್ತದೆ. ಬೆಳಿಗ್ಗೆ ಸಂಜೆ ಮೇವು ಹಾಕಿದ ಕೂಡಲೇ ಒಂದೊಂದು ಬಕೆಟ್ ಉಗುರುಬೆಚ್ಚಗಿನ ನೀರು ಇಡುತ್ತೇನೆ. ಮೇವಿನ ಜೊತೆಜೊತೆಗೇ ಹೆಚ್ಚು ಕುಡಿಯುತ್ತವೆ. ಲದ್ದಿಯನ್ನೂ ಎಣಿಸುತ್ತೇನೆ, ದಿನಕ್ಕೆ ಎಂಟು ಸಲಕ್ಕಿಂತ ಕಡಿಮೆಯಾದರೆ ಫೋನ್ ಕೈಯಲ್ಲಿರುತ್ತದೆ.

ಚಿಕ್ಕವನು ತೊಟ್ಟಿಯ ನೀರಿಗೆ ಈಗಲೂ ಮೊದಲು ಮೀಸೆಯಷ್ಟೇ ತಾಗಿಸಿ ಒಂದು ಕ್ಷಣ ನಿಲ್ಲುತ್ತಾನೆ, ಆಮೇಲೆ ಕುಡಿಯುತ್ತಾನೆ. ದೊಡ್ಡವಳು ತೊಟ್ಟಿಯ ಹತ್ತಿರಕ್ಕೇ ಹೋಗುವುದಿಲ್ಲ. ಅವಳಿಗೆ ಬಕೆಟ್ಟೇ ಆಗಬೇಕು, ಅದನ್ನೂ ನಾನೇ ಹಿಡಿದು ನಿಂತಿರಬೇಕು.